ಮಳೆಗಾಲದ ಕತ್ತಲೆಗೆ ಯಾವ ಎಣ್ಣೆ?



2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಅನೇಕ ಊರುಗಳಿಗೆ ರಸ್ತೆ, ವಿದ್ಯುತ್ತು, ದೂರವಾಣಿ ಮೂರೂ ಒಟ್ಟಿಗೆ ಕಡಿದುಹೋದವು. ಅಂಥ ದಿನಗಳಲ್ಲಿ ಅಂಗಡಿಯ ಮೇಣದ ಬತ್ತಿ ಬೇಗನೆ ಮುಗಿಯುತ್ತದೆ, ಮತ್ತೆ ತರಲು ದಾರಿಯಿರುವುದಿಲ್ಲ. ಅದು ಬಹುಪಾಲು ಪೆಟ್ರೋಲಿಯಂನಿಂದ ಬರುವ ಪ್ಯಾರಾಫಿನ್. ಅದರ ಸ್ಥಾನವನ್ನು ತುಂಬಬಲ್ಲ ವಸ್ತು ಮಲೆನಾಡಿನಲ್ಲಿಯೇ ಇದೆಯೇ?

ಮೊದಲನೆಯದು ಜೇನುಮೇಣ. ಇದು ಕರಗುವುದು ಸುಮಾರು 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆದ್ದರಿಂದ ನಿಂತು ಉರಿಯುವ ಬತ್ತಿಗೆ ಇದೇ ಶ್ರೇಷ್ಠ. ಆದರೆ ಒಂದು ಕಿಲೋ ಮೇಣ ಸ್ರವಿಸಲು ನೊಣಗಳು ಹಲವು ಕಿಲೋ ತುಪ್ಪವನ್ನು ವ್ಯಯಿಸುತ್ತವೆ. ತುಡುವೆ ಪೆಟ್ಟಿಗೆಯ ಹಳೆಯ ಎರಿಗಳ ಮೇಣ ಬಳಸಬಹುದು. ಬತ್ತಿಗಾಗಿ ಹೆಜ್ಜೇನಿನ ಗೂಡು ಕೀಳುವುದು ತರವಲ್ಲ.

ಎರಡನೆಯದು ಧೂಪದ ಬೀಜದ ಕೊಬ್ಬು. ಹಿಂದೆ ಇದನ್ನು ಮೇಣದ ಬತ್ತಿಗೂ ಸಾಬೂನಿಗೂ ಬಳಸುತ್ತಿದ್ದರು. ಸುಮಾರು 40 ಡಿಗ್ರಿಯಲ್ಲಿಯೇ ಕರಗುವುದರಿಂದ ಇದನ್ನು ಬಟ್ಟಲಿನಲ್ಲಿಟ್ಟೇ ಉರಿಸಬೇಕು. ಆದರೆ ಧೂಪ ಪಶ್ಚಿಮ ಘಟ್ಟಗಳಿಗೆ ಮಾತ್ರ ಸೀಮಿತವಾದ ಮರ. ಪ್ಲೈವುಡ್ಡಿಗಾಗಿ ಅಪಾರವಾಗಿ ಕಡಿಯಲ್ಪಟ್ಟದ್ದು. ಅದರ ಬೀಜ ಒಣಗಿದರೆ ಮೊಳೆಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಬಿದ್ದ ಬೀಜವನ್ನೆಲ್ಲ ಆಯ್ದರೆ ಮರದಡಿಯಲ್ಲಿ ಸಸಿ ಏಳುವುದೆಲ್ಲಿಂದ? ಇನ್ನು ಮುರುಗಲ ತುಪ್ಪವೂ ಉರಿಯುತ್ತದೆ. ಆದರೆ ಸಂಕಟದ ದಿನಗಳಲ್ಲಿ ಅದರ ಸ್ಥಾನ ಅಡುಗೆಮನೆಯಲ್ಲಿ.

ಉಳಿಯುವುದು ಹೊಂಗೆ. ಬೇಲಿಯಲ್ಲಿ, ಹೊಲದ ಬದುವಿನಲ್ಲಿ ಬೆಳೆಯುವ, ಮಣ್ಣಿಗೆ ಸಾರಜನಕ ಸೇರಿಸುವ ಮರವಿದು. ಬೀಜದಲ್ಲಿ ನೂರಕ್ಕೆ ಸುಮಾರು 30 ಪಾಲು ಎಣ್ಣೆಯಿದೆ. ಅದು ತಿನ್ನಲು ಬಾರದ್ದರಿಂದ ಆಹಾರದೊಂದಿಗೆ ಸ್ಪರ್ಧೆಯಿಲ್ಲ. ಈ ಎಣ್ಣೆ ಹೆಪ್ಪುಗಟ್ಟಿ ಬತ್ತಿಯಾಗದು, ಹಣತೆ ಬೇಕು. ಆದರೆ ಸೀಮೆಎಣ್ಣೆಯಂತೆ ಥಟ್ಟನೆ ಹೊತ್ತಿಕೊಳ್ಳುವುದಿಲ್ಲ. ಕತ್ತಲೆಯಲ್ಲಿ, ಮಕ್ಕಳಿರುವ ಮನೆಯಲ್ಲಿ, ಇದು ಸಣ್ಣ ಗುಣವಲ್ಲ.

ಕೆಲವು ಎಚ್ಚರಿಕೆಗಳು ಅವಶ್ಯ. ಹೊಂಗೆಯೆಣ್ಣೆಗೆ ವಾಸನೆಯೂ ಹೊಗೆಯೂ ಹೆಚ್ಚು. ಹತ್ತಿಯ ಬತ್ತಿಯನ್ನು ಗಿಡ್ಡವಾಗಿಟ್ಟು, ಕಿಟಕಿಯನ್ನು ತುಸು ತೆರೆದಿರಬೇಕು. ಅಡುಗೆ ಎಣ್ಣೆಯ ಜೊತೆ ಇದನ್ನು ಇಡಲೇಬಾರದು. ಎಣ್ಣೆಗೆ ಬೆಂಕಿ ಹತ್ತಿದರೆ ನೀರೆರೆಯದೆ ಲೋಹದ ಮುಚ್ಚಳದಿಂದ ಮುಚ್ಚಬೇಕು.

ಬೇಸಿಗೆಯಲ್ಲಿ ಕಾಯಿ ಆಯ್ದು, ಗಾಣಕ್ಕೆ ಹಾಕಿಸಿ, ಮಳೆಗೆ ಮುನ್ನ ಮನೆಗೆರಡು ಬಾಟಲಿ ಎಣ್ಣೆ ಕೂಡಿಟ್ಟರೆ ಸಿದ್ಧತೆ ಮುಗಿಯಿತು. ಹೊಂಗೆ ಬದುವಿನ ಮರ, ಧೂಪ ಕಾಡಿನ ಮರ. ಬೆಳಕನ್ನು ಬದುವಿನಿಂದ ಪಡೆಯೋಣ. ಕಾಡಿನ ಬೀಜ ಕಾಡಿನಲ್ಲಿಯೇ ಮೊಳೆಯಲಿ. ಗುಡ್ಡವನ್ನು ಹಿಡಿದಿಡುವ ಬೇರು ಅದರಲ್ಲಿದೆ.