ಮುಳುಗಿದ ಊರಿನ ಲೆಕ್ಕ ಯಾರ ಬಳಿ ಇದೆ?

(ಶರಾವತಿ ಹಿನ್ನೀರು ಪ್ರದೇಶದ ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಸಾಗರ, ಹೊಸನಗರ, ಶಿವಮೊಗ್ಗ ತಾಲ್ಲೂಕುಗಳ ಎಷ್ಟೋ ಮನೆಗಳಲ್ಲಿ 'ನಿಮ್ಮ ಮೂಲ ಊರು ಯಾವುದು?' ಎಂದು ಕೇಳಿದರೆ ಮೊದಲು ದೊರೆಯುವ ಉತ್ತರ 'ನಾವು ಮುಳುಗಡೆಯವರು' ಎಂಬುದು. ಊರಿನ ಹೆಸರು ಆಮೇಲೆ ಬರುತ್ತದೆ. ಮೂರನೆಯ ತಲೆಮಾರಿನ ಮಕ್ಕಳ ಬಾಯಲ್ಲಿ ಆ ಹೆಸರು ಬರುವುದೂ ನಿಂತಿದೆ. ಈ ಹೆಸರುಗಳು ಹೋದರೆ ಅವುಗಳ ಜೊತೆಗೆ ಏನೇನು ಹೋಗುತ್ತದೆ ಎಂಬುದೇ ಇಂದಿನ ವಿಚಾರ.

ಶರಾವತಿ ಕಣಿವೆ ಒಮ್ಮೆಯಲ್ಲ, ಎರಡು ಬಾರಿ ಮುಳುಗಿತು. ಜೋಗದ ಮೊದಲ ವಿದ್ಯುದಾಗಾರಕ್ಕಾಗಿ ಮಡೆನೂರಿನಲ್ಲಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು 1948ರಲ್ಲಿ ಮುಗಿಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಆ ಹಳೆಯ ಅಣೆಕಟ್ಟೇ ನೀರಿನೊಳಗೆ ಸೇರಿತು. ಮಳೆ ಕೈಕೊಟ್ಟ ವರ್ಷಗಳ ಬೇಸಿಗೆಯಲ್ಲಿ ಅದರ ಸೈಫನ್ನುಗಳು ಇಂದಿಗೂ ತಲೆಯೆತ್ತುತ್ತವೆ. ಅದನ್ನು ನೋಡಲು ಜನ ಸೇರುತ್ತಾರೆ. ಅದೇ ಬೇಸಿಗೆಯಲ್ಲಿ ಮೇಲೇಳುವ ಮನೆಗಳ ಪಂಚಾಂಗವನ್ನು, ಹಳೆಯ ಹಾದಿಯನ್ನು, ಬಾವಿಕಟ್ಟೆಯನ್ನು ಗುರುತಿಸಬಲ್ಲವರು ಮಾತ್ರ ಕಡಿಮೆಯಾಗುತ್ತಿದ್ದಾರೆ. 1960ರಲ್ಲಿ ಹತ್ತು ವರ್ಷದ ಬಾಲಕಿಯಾಗಿದ್ದವಳು ಇಂದು ಎಪ್ಪತ್ತೈದನ್ನು ದಾಟಿದ ಅಜ್ಜಿ.

ಲಿಂಗನಮಕ್ಕಿಯ ಗರಿಷ್ಠ ನೀರಿನ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಯಾವ ಮನೆ ಉಳಿಯಬೇಕು, ಯಾವುದು ಹೋಗಬೇಕು ಎಂಬುದನ್ನು ಈ ಒಂದು ಅಂಕಿಯೇ ತೀರ್ಮಾನಿಸಿತು. ಗೆರೆಯ ಕೆಳಗಿದ್ದ ಗದ್ದೆ, ತೋಟ, ಕೇರಿಗಳು ಮುಳುಗಿದವು. ಗೆರೆಯ ಮೇಲಿದ್ದ ಗುಡ್ಡ ಉಳಿಯಿತು. ಕರೂರು ಸೀಮೆಯ ಹಳ್ಳಿಗಳಿಗೆ ಸಾಗರಕ್ಕೆ ಹೋಗುವ ನೇರ ದಾರಿಯೂ ನೀರಿನಡಿ ಹೋಯಿತು. ಹೊಳೆಬಾಗಿಲಿನ ಲಾಂಚೇ ಅವರ ರಸ್ತೆಯಾಯಿತು. ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವಿನ ಸುಮಾರು 2.44 ಕಿಲೋಮೀಟರ್ ಉದ್ದದ ಸೇತುವೆ ಉದ್ಘಾಟನೆಗೊಂಡದ್ದು 2025ರ ಜುಲೈನಲ್ಲಿ. ಕಳೆದುಹೋದ ದಾರಿ ಮರಳಿ ದೊರೆಯಲು ಆರು ದಶಕಗಳು ಬೇಕಾದವು. ಶರಾವತಿಯ 1035 ಮೆಗಾವ್ಯಾಟ್ ಸಾಮರ್ಥ್ಯದ ವಿದ್ಯುದಾಗಾರ ನಾಡಿಗೆಲ್ಲ ಬೆಳಕು ಕೊಟ್ಟಿತು. ಹಿನ್ನೀರಿನ ದಡದ ಹಲವು ಮಜರೆಗಳು ಅದೇ ಬೆಳಕಿಗಾಗಿ ದಶಕಗಳ ಕಾಲ ಕಾದವು.

ಕಾಗದದಲ್ಲಿ ಮುಳುಗಡೆಯೆಂದರೆ ಇಷ್ಟು ಎಕರೆ, ಇಷ್ಟು ಕುಟುಂಬ, ಇಷ್ಟು ಪರಿಹಾರ. ಆದರೆ ಮಲೆನಾಡಿನ ಊರು ಎಕರೆಗಳ ಮೊತ್ತವಲ್ಲ. ಕಣಿವೆಯ ತಳದಲ್ಲಿ ತೋಟ, ಪಕ್ಕದಲ್ಲಿ ಗದ್ದೆ, ಮೇಲೆ ಸೊಪ್ಪಿನಬೆಟ್ಟ. ಬೆಟ್ಟದ ಸೊಪ್ಪು ಕೊಟ್ಟಿಗೆಗೆ ಬರುತ್ತದೆ. ಕೊಟ್ಟಿಗೆಯ ಗೊಬ್ಬರ ತೋಟಕ್ಕೆ ಹೋಗುತ್ತದೆ. ಗುಡ್ಡದ ಒರತೆಯ ನೀರು ತಾನಾಗಿಯೇ ಇಳಿದು ಅಡಿಕೆಯ ಬುಡ ಸೇರುತ್ತದೆ. ಈ ಸರಪಳಿಯ ಒಂದು ಕೊಂಡಿ ಮುಳುಗಿದರೆ ಉಳಿದವುಗಳಿಂದ ಬೇಸಾಯ ನಡೆಯದು. ಪುನರ್ವಸತಿಯಲ್ಲಿ ಎಕರೆಗೆ ಎಕರೆ ಲೆಕ್ಕ ಹಿಡಿದರೂ ಈ ಸರಪಳಿಗೆ ಲೆಕ್ಕವಿರಲಿಲ್ಲ. ಕಾಡು ಕಡಿದು ಬಿಡಿಸಿದ ಜಂಬಿಟ್ಟಿಗೆ ನೆಲದಲ್ಲಿ ಅಡಿಕೆ ಸಸಿ ನೆಟ್ಟರೆ ಮೊದಲ ಕೊನೆ ಕಾಣಲು ಐದರಿಂದ ಏಳು ವರ್ಷ ಬೇಕು. ಅಷ್ಟು ವರ್ಷ ಆ ಮನೆ ಏನನ್ನು ಉಂಡಿತು? ಯಾರ ಮನೆಯ ಕೂಲಿಗೆ ಹೋಯಿತು? ಎಷ್ಟು ದನಗಳನ್ನು ಮಾರಿತು? ಇದಕ್ಕೆ ಉತ್ತರವಿರುವುದು ಅಜ್ಜಿಯರ ಬಳಿ ಮಾತ್ರ.

ಅಪ್ಪೆಮಿಡಿಯ ವಿಷಯವೂ ಹೀಗೆಯೇ. ಈ ಮಾವು ಹೊಳೆಯ ದಂಡೆಯನ್ನು ಬಯಸುವ ಮರ. ಪರಿಮಳ, ಸೊನೆ, ಹುಳಿ, ಉಪ್ಪಿನಲ್ಲಿ ಬಾಳುವ ಕಾಲ, ಎಲ್ಲವೂ ಮರದಿಂದ ಮರಕ್ಕೆ ಬೇರೆ. ಆದ್ದರಿಂದಲೇ ಜನ ಒಂದೊಂದು ಮರವನ್ನು ಊರಿನ, ಮನೆಯ, ಮನುಷ್ಯರ ಹೆಸರಿನಿಂದ ಕರೆದರು. ಇಂದು ಅಪ್ಪೆಮಿಡಿಗೆ ಭೌಗೋಳಿಕ ಗುರುತು ದೊರೆತಿದೆ, ಕಸಿ ಕಟ್ಟಿ ತಳಿ ಉಳಿಸುವ ಕೆಲಸವೂ ನಡೆದಿದೆ. ಆದರೆ ಶರಾವತಿಯ ದಂಡೆಯ ಯಾವ ಯಾವ ಮರಗಳು ನೀರುಪಾಲಾದವು ಎಂಬುದನ್ನು ಯಾವ ಮಹಜರೂ ಹೇಳದು. ಮರಗಳ ಎಣಿಕೆ ಪರಿಹಾರಕ್ಕಾಗಿ ನಡೆಯುತ್ತದೆ, ರುಚಿಗಾಗಿ ಅಲ್ಲ. ಹೊರಡುವಾಗ ಯಾರಾದರೂ ಒಂದು ಓಟೆ ತಂದು ಹೊಸ ಮನೆಯ ಹಿತ್ತಿಲಲ್ಲಿ ಹುಗಿದಿದ್ದರೆ ಆ ಮರವನ್ನು ಇಂದೇ ಗುರುತಿಸಿ ಇಡಬೇಕು.

ನೆನಪು ಎಲ್ಲ ಮನೆಗಳಲ್ಲಿ ಒಂದೇ ಬಗೆಯದಲ್ಲ ಎಂಬುದನ್ನೂ ಮರೆಯಬಾರದು. ಜಮೀನುದಾರರ ಮನೆಯಲ್ಲಿ ಜಗಲಿ, ಭತ್ತದ ಕಣಜ, ದೇವಸ್ಥಾನದ ತೇರು ನೆನಪಾಗುತ್ತವೆ. ಗೇಣಿ ಮಾಡುತ್ತಿದ್ದವರ ಮನೆಯಲ್ಲಿ ಕೊಳಗದ ಅಳತೆ ನೆನಪಾಗುತ್ತದೆ. ಕಾಗೋಡು ಸತ್ಯಾಗ್ರಹ ಇದೇ ಸಾಗರ ತಾಲ್ಲೂಕಿನಲ್ಲಿ 1951ರಲ್ಲಿ ನಡೆಯಿತು. ಉಳುವವನನ್ನು ಒಡೆಯನನ್ನಾಗಿಸಿದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ. ಮುಳುಗಡೆ ಇವೆರಡರ ನಡುವೆ ಬಂತು. ಇನ್ನು ಕೆಲವೇ ವರ್ಷ ಆ ಗದ್ದೆ ಉಳಿದಿದ್ದರೆ ಅದರ ಹಕ್ಕು ಕೇಳಬಹುದಾಗಿದ್ದ ಮನೆಗಳು ಗದ್ದೆಯನ್ನೇ ಕಳೆದುಕೊಂಡವು. ದಾಖಲೆಯಲ್ಲಿ ಹೆಸರಿಲ್ಲದವರಿಗೆ ನೆನಪೊಂದೇ ಪಹಣಿ.

ಈ ಮಾತು ಹಳೆಯ ದುಃಖವನ್ನು ಕೆದಕಲು ಅಲ್ಲ. ಎಷ್ಟೋ ಮುಳುಗಡೆ ಕುಟುಂಬಗಳು ಇಂದಿಗೂ ಹಕ್ಕುಪತ್ರಕ್ಕಾಗಿ ಅಲೆಯುತ್ತಿವೆ. ಅವರನ್ನು ಕೂರಿಸಿದ ನೆಲ ಅರಣ್ಯವಾಗಿತ್ತು. 1980ರ ಅರಣ್ಯ ಸಂರಕ್ಷಣಾ ಕಾಯಿದೆಯ ನಂತರ ಅಂಥ ನೆಲವನ್ನು ಬಿಡುಗಡೆ ಮಾಡಲು ಕೇಂದ್ರದ ಅನುಮತಿ ಬೇಕಾಯಿತು. ಆ ಅನುಮತಿಯಿಲ್ಲದೆ ರಾಜ್ಯ ಹೊರಡಿಸಿದ ಅಧಿಸೂಚನೆ 2021ರಲ್ಲಿ ಹೈಕೋರ್ಟಿನಲ್ಲಿ ನಿಲ್ಲಲಿಲ್ಲ. ನಾಡಿಗಾಗಿ ಊರು ಬಿಟ್ಟವರು ಕಾಗದದಲ್ಲಿ ಒತ್ತುವರಿದಾರರಾದರು. ಕಾಡು ಉಳಿಯಬೇಕೆನ್ನುವವರೂ ಈ ಅನ್ಯಾಯವನ್ನು ಒಪ್ಪಿಕೊಂಡೇ ಮಾತನಾಡಬೇಕು. ಕಾಡನ್ನು ಕಳೆದದ್ದೂ ಈ ಜನರನ್ನು ಅತಂತ್ರಗೊಳಿಸಿದ್ದೂ ಒಂದೇ ಯೋಜನೆ. ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾಪ 2019ರಲ್ಲಿ ಬಂದಾಗ ಜಿಲ್ಲೆ ಒಟ್ಟಾಗಿ ಪ್ರತಿಭಟಿಸಿತು. ಕಣಿವೆಗೆ ಹೊಸ ಯೋಜನೆಗಳು ಬರುತ್ತಲೇ ಇರುತ್ತವೆ. ಅಹವಾಲು ಸಭೆಯಲ್ಲಿ 'ಹಿಂದೆ ಹೀಗಾಗಿತ್ತು' ಎಂದು ಊರು, ವರ್ಷ, ನೆಲದ ಹೆಸರು ಸಹಿತ ಹೇಳಬಲ್ಲವರ ಮಾತಿಗೆ ತೂಕವಿರುತ್ತದೆ.

ಆದ್ದರಿಂದ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ನಾ. ಡಿಸೋಜ ಅವರು 'ಮುಳುಗಡೆ', 'ದ್ವೀಪ' ಕಾದಂಬರಿಗಳಲ್ಲಿ ಈ ಬದುಕನ್ನು ಚಿತ್ರಿಸಿದ್ದಾರೆ. ಅವುಗಳನ್ನು ಓದಿ. ಬಳಿಕ ಮನೆಯ ಹಿರಿಯರ ಬಳಿ ಒಂದು ಹಾಳೆ, ಒಂದು ಪೆನ್ಸಿಲ್ ಹಿಡಿದು ಕುಳಿತುಕೊಳ್ಳಿ. ಹೊಳೆ ಯಾವ ಕಡೆ, ಮನೆ ಯಾವ ಕಡೆ ಎಂದು ಕೇಳಿ ನಕ್ಷೆ ಬರೆಯಿರಿ. ಒಂದೊಂದು ಗದ್ದೆಯ ಹೆಸರು, ಬಿತ್ತುತ್ತಿದ್ದ ಭತ್ತದ ತಳಿ, ಒರತೆಯ ಜಾಗ, ಅಪ್ಪೆಮರ, ಭೂತನ ಬನ, ನೆರೆಮನೆಯವರು ಹೋಗಿ ನೆಲೆಸಿದ ಊರು, ಎಲ್ಲವನ್ನೂ ಗುರುತಿಸಿ. ಹೇಳಿದವರ ಹೆಸರು ಮತ್ತು ದಿನಾಂಕವನ್ನು ಕೆಳಗೆ ಬರೆಯಿರಿ. ಒಂದೇ ಊರಿನ ಎರಡು ಮನೆಗಳವರು ಬೇರೆ ಬೇರೆ ಹೇಳಿದರೆ ಎರಡನ್ನೂ ಬರೆಯಿರಿ, ತಿದ್ದಬೇಡಿ.

ಮುಂದಿನ ಬೇಸಿಗೆಯಲ್ಲಿ ನೀರು ಇಳಿದಾಗ ಆ ಹಾಳೆಯನ್ನು ಹಿಡಿದು, ನಡೆಯಲು ಶಕ್ತಿಯಿರುವ ಹಿರಿಯರೊಡನೆ ದಡಕ್ಕೆ ಹೋಗಿ. ನೀರು ಇಳಿಯುವ ಬೇಸಿಗೆಗಳು ಮತ್ತೆಯೂ ಬರುತ್ತವೆ. ಜೊತೆಗೆ ಬಂದು ಕೈತೋರಿಸಿ ಹೇಳುವವರು ಹೆಚ್ಚು ಕಾಲ ಇರುವುದಿಲ್ಲ.