ಯಾವೂರ್ರಿ ನಿಮ್ದು?



ಚಡಚಣದ ಬಸ್ ನಿಲ್ದಾಣದಾಗ ಯಾರಾದರೂ ನಮ್ಮ ಮಗ್ಗುಲಿಗೆ ಬಂದು ಕುಂತರೆ ಮೊದಲು ಏನು ಕೇಳುತ್ತೇವೆ? "ಯಾವೂರ್ರಿ ನಿಮ್ದು?" ಅಂತ ಕೇಳುತ್ತೇವೆ. "ಯಲ್ಲಾಪುರ್ರಿ" ಅಂದರೆ ಸುಮ್ಮನಾಗುತ್ತೇವೆ. ಆದರೆ ಆ ಮನುಷ್ಯನ ಮೈ ಕಡುಕಪ್ಪು, ಕೂದಲು ಗುಂಗುರು ಇದ್ದರೆ ನಾವು ನಂಬುವುದಿಲ್ಲ. "ಖರೇ ಹೇಳ್ರಿ, ಯಾವ ದೇಶದವರು?" ಅಂತ ಮತ್ತೆ ಕೇಳುತ್ತೇವೆ. ಆಗ ಅವರ ಮನಸ್ಸಿಗೆ ಹೇಗಾದೀತು?

ಅವರು ಸಿದ್ದಿ ಜನ. ಕನ್ನಡ ನಾಡಿನವರೇ. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆಯ ಕಾಡಿನ ಊರುಗಳಲ್ಲಿ ಇದ್ದಾರೆ. ಅವರ ಹಿರಿಯರು ಆಫ್ರಿಕಾ ಖಂಡದವರು. ನೂರಾರು ವರ್ಷಗಳ ಹಿಂದೆ ಪೋರ್ಚುಗೀಸರು ಅವರನ್ನು ಹಡಗಿನಲ್ಲಿ ಗೋವಾಕ್ಕೆ ತಂದರು. ದನ ಮಾರಿದಂತೆ ಮಾರಿದರು. ಗುಲಾಮರಾಗಿ ದುಡಿಸಿದರು. ಆ ಕಷ್ಟ ತಾಳದೆ ಎಷ್ಟೋ ಮಂದಿ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಅಲ್ಲೇ ನೆಲೆ ನಿಂತರು.

ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರೂ ಇದ್ದಾರೆ. ಅವರು ಕೊಂಕಣಿ ಮಾತಾಡುತ್ತಾರೆ, ಕನ್ನಡವನ್ನೂ ಮಾತಾಡುತ್ತಾರೆ. 2003ರಲ್ಲಿ ಸರಕಾರ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿತು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿನ ಸದಸ್ಯರಾದರು.

ನಮ್ಮ ವಿಜಯಪುರಕ್ಕೂ ಆಫ್ರಿಕಾದವರು ಬಂದಿದ್ದರು. ಅವರನ್ನು ಹಬ್ಶಿಗಳು ಅನ್ನುತ್ತಿದ್ದರು. ಗೋಳಗುಮ್ಮಟ ನೀವೆಲ್ಲ ನೋಡಿದ್ದೀರಿ. ಅದು ಮಹಮ್ಮದ್ ಆದಿಲ್ ಶಾಹನ ಗೋರಿ. ಆ ಬಾದಶಹನ ದರ್ಬಾರಿನಲ್ಲಿ ಇಖ್ಲಾಸ್ ಖಾನ್ ಎಂಬ ಹಬ್ಶಿ ದೊಡ್ಡ ಮಂತ್ರಿಯಾಗಿದ್ದ. ಮೈಬಣ್ಣ ನೋಡಿ ಮನುಷ್ಯನನ್ನು ಅಳೆಯಲು ಬರುತ್ತದೆಯೇ?

ಅವರು ಇಲ್ಲಿಗೆ ಬಂದಂತೆ ನಮ್ಮ ದೇಶದ ಜನರೂ ಹಡಗು ಹತ್ತಿ ಹೋಗಿದ್ದಾರೆ. ಬಲು ದೂರದಲ್ಲಿ, ಕೆರಿಬಿಯನ್ ಸಮುದ್ರದಲ್ಲಿ, ಟ್ರಿನಿಡಾಡ್ ಎಂಬ ನಡುಗಡ್ಡೆ ಇದೆ. ಅಲ್ಲಿ ಬಿಳಿಯರ ಕಬ್ಬಿನ ತೋಟಗಳಿದ್ದವು. ಮೊದಲು ಆಫ್ರಿಕಾದ ಗುಲಾಮರನ್ನು ದುಡಿಸಿದರು. ಗುಲಾಮಗಿರಿ ನಿಂತ ಮೇಲೆ ಭಾರತದಿಂದ ಕೂಲಿಗಳನ್ನು ಒಯ್ದರು. ಮೊದಲ ಹಡಗು 1845ರಲ್ಲಿ ಮುಟ್ಟಿತು. 1917ರವರೆಗೆ ಒಂದು ಲಕ್ಷ ನಲವತ್ತು ಸಾವಿರಕ್ಕೂ ಹೆಚ್ಚು ಜನ ಹೋದರು. ಕರಾರು ಪತ್ರದಲ್ಲಿ ಏನು ಬರೆದಿದೆ ಎಂದು ಓದಲು ಅವರಲ್ಲಿ ಬಹಳ ಮಂದಿಗೆ ಬರುತ್ತಿರಲಿಲ್ಲ. ಹೋದವರಲ್ಲಿ ಹೆಚ್ಚಿನವರು ತಿರುಗಿ ಬರಲಿಲ್ಲ.

ಟ್ರಿನಿಡಾಡ್ ಮತ್ತು ಟೊಬೆಗೊ ಈಗ ಸ್ವತಂತ್ರ ದೇಶ. ಅಲ್ಲಿಯ 2011ರ ಜನಗಣತಿ ನೋಡ್ರಿ. ನೂರು ಜನರಲ್ಲಿ ಸುಮಾರು 35 ಮಂದಿ ಭಾರತ ಮೂಲದವರು. 34 ಮಂದಿ ಆಫ್ರಿಕಾ ಮೂಲದವರು. 23 ಮಂದಿ ಕೂಡುರಕ್ತದವರು. "ನೀವು ಇಲ್ಲಿಯವರಲ್ಲ, ಭಾರತಕ್ಕೆ ಹೋಗ್ರಿ" ಅಂತ ಅವರಿಗೆ ಯಾರಾದರೂ ಅಂದರೆ ನಮಗೆ ಸರಿ ಅನಿಸೀತೇ? ಹಾಗಾದರೆ ಸಿದ್ದಿಗಳಿಗೆ ನಾವು ಅನ್ನಬಹುದೇ?

ನಮ್ಮ ಊರನ್ನೇ ನೋಡೋಣ. ಇದು ಗಡಿ ಊರು. ಇಲ್ಲಿ ಕನ್ನಡ, ಮರಾಠಿ, ಉರ್ದು ಕೇಳುತ್ತವೆ. ತಾಂಡಾದ ಲಂಬಾಣಿಗರ ಹಿರಿಯರು ಎತ್ತುಗಳ ಮೇಲೆ ದವಸ ಹೇರಿಕೊಂಡು ಉತ್ತರದಿಂದ ಬಂದವರು. ಕೆದಕಿ ನೋಡಿದರೆ ಎಷ್ಟೋ ಮನೆತನಗಳು ಬೇರೆ ಕಡೆಯಿಂದ ಬಂದವೇ. ಬರಗಾಲಕ್ಕೆ ಬಂದವರುಂಟು, ಸೊಸೆಯಾಗಿ ಬಂದವರುಂಟು, ದುಡಿಯಲು ಬಂದವರುಂಟು.

ಇಂದು ಮನೆಗೆ ಹೋಗಿ ಹಿರಿಯರನ್ನು ಕೇಳ್ರಿ. ನಮ್ಮ ಮುತ್ತಜ್ಜ ಎಲ್ಲಿಂದ ಬಂದ? ನಮ್ಮ ಮುತ್ತಜ್ಜಿ ಯಾವ ಊರಿನವಳು? ಅವರು ಹೇಳಿದ್ದನ್ನು ನಿಮ್ಮ ಕೈಯಾರೆ ಪಾಟಿಯ ಮೇಲೆ ಎರಡು ಸಾಲು ಬರೆದುಕೊಂಡು ಬರ್ರಿ. ನಾಳೆ ಎಲ್ಲರೂ ಕೂಡಿ ಓದೋಣ.