ಕೊಣ್ಣೂರರೆಂಬ ಅಡ್ಡಹೆಸರು



ಮಲಪ್ರಭೆಯ ದಡದ ಈ ಗ್ರಾಮವನ್ನು, ಅಮೋಘವರ್ಷನು ಶಕವರ್ಷ 782ರಲ್ಲಿ, ಅಂದರೆ ಕ್ರಿ.ಶ. 860ರಲ್ಲಿ ಮಾಡಿದ ದಾನವನ್ನು ಹೇಳುವ ಇಲ್ಲಿಯ ಶಿಲಾಶಾಸನವು ‘ಕೊಳನೂರ’ವೆಂದು ಕರೆದಿರುವದು. ಅದೇ ಜನರ ನಾಲಗೆಯಲ್ಲಿ ಸವೆದು ಕೊಣ್ಣೂರಾಯಿತು.

ಊರ ಹೆಸರು ಮನೆತನದ ಅಡ್ಡಹೆಸರಾಗುವದು ನಮ್ಮ ಸೀಮೆಯ ರೂಢಿ. ಆದರೆ ಊರೊಳಗೆ ಸರ್ವರೂ ಕೊಣ್ಣೂರಿನವರೇ. ಅಲ್ಲಿ ಗೌಡರ, ಬಡಿಗೇರ, ಹಿರೇಮಠ ಎಂಬವುಗಳಿಂದಲೇ ಮನೆಯ ಗುರುತು. ಬರವೋ ಬೀಗತನವೋ ಉದ್ಯೋಗವೋ ಯಾರನ್ನು ಪರಸ್ಥಳಕ್ಕೆ ಒಯ್ದಿತೋ ಅವರನ್ನೇ ಅಲ್ಲಿಯವರು ‘ಕೊಣ್ಣೂರ’ರೆಂದರು. ಹುಟ್ಟಿದ ನೆಲದಲ್ಲಿ ವಿರಳವಾದ ಹೆಸರು ಹೊರಗೆ ಬೆಳೆಯುವದು ಹೀಗೆ. ಗೋಕಾಕ ಸೀಮೆಯಲ್ಲಿಯೂ ಒಂದು ಕೊಣ್ಣೂರು ಇರುವದರಿಂದ, ಹೆಸರು ಒಂದಾದ ಮಾತ್ರಕ್ಕೆ ಬಳ್ಳಿ ಒಂದೆನ್ನಲಾಗದು.

ಅಂಥವರು ಮಠಕ್ಕೆ ಬಂದಾಗ ‘ನೀವು ಯಾರ ಪೈಕಿ’ ಎಂದು ಬಾಗಿಲಲ್ಲಿ ಕೇಳದಿರೋಣ. ಊರನ್ನು ಹೆಸರಿನಲ್ಲಿಯೇ ಹೊತ್ತು ತಿರುಗುವವರು ಪರಕೀಯರಲ್ಲ. ದಾಸೋಹದ ಪಂಕ್ತಿಯಲ್ಲಿ ಅವರಿಗೂ ಎಡೆಯಿರಲಿ.